ಇಬ್ಬರೂ ಒಪ್ಪಿದ್ದು

“ನೀವು ಮೊದಲು ಹೇಳಿ ಅಕ್ಕ,” ಎಂದು ಚಿಕ್ಕವಳು ಚಮಚ ಚಾಚಿದಳು. ಚಾಚಿದ ಕೈ ಕದಲಲಿಲ್ಲ. ಕಣ್ಣೂ ಕದಲಲಿಲ್ಲ.

ಇವಳಿಗೆ ಗೊತ್ತಾಗಿದೆ, ಎಂದುಕೊಂಡಳು ದೊಡ್ಡವಳು.

ಚಮಚದಲ್ಲಿದ್ದುದು ಟೊಮೆಟೊ ಸಾಸ್. ಬಾಯಿಗಿಟ್ಟಳು. ಬೆಚ್ಚಗಿತ್ತು, ಮಂದವಾಗಿತ್ತು. ಅದರಾಚೆ ಏನೂ ಇರಲಿಲ್ಲ. ಎರಡು ತಿಂಗಳ ಹಿಂದೆ ಮನೆಗೆ ಬಂದಿದ್ದ ಜ್ವರ ಹೋಗುವಾಗ ಅವಳ ರುಚಿಯನ್ನೂ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಈಗ ಸಕ್ಕರೆಯೂ ಮರಳು, ಉಪ್ಪೂ ಮರಳು. ಯಾರಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ಈ ಮನೆಯ ಇಬ್ಬರು ಓರಗಿತ್ತಿಯರಲ್ಲಿ ಚಿಕ್ಕವಳಿಗೆ ಓದಿತ್ತು, ದುಂಡನೆಯ ಅಕ್ಷರವಿತ್ತು, ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವ ಧೈರ್ಯವಿತ್ತು. ದೊಡ್ಡವಳಿಗೆ ಇದ್ದುದು ನಾಲಿಗೆ ಒಂದೇ. “ನಮ್ಮತ್ತಿಗೆ ನಾಲಿಗೆ ಅಂದ್ರೆ ಅಕ್ಕಸಾಲಿಗನ ತಕ್ಕಡಿ,” ಎಂದು ಮೈದುನ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಆ ತಕ್ಕಡಿಯನ್ನು ನಂಬಿಯೇ ಇಬ್ಬರೂ ಈ ಕೆಲಸಕ್ಕೆ ಕೈಹಾಕಿದ್ದು: ಅಡುಗೆಯ ಹುಚ್ಚಿರುವವರಿಗೆ ಉಡುಗೊರೆ ಕೊಡಲು ಬುಟ್ಟಿ ಕಟ್ಟುವುದು. ಬುಟ್ಟಿಯಲ್ಲಿ ಒಂದು ಸಾಸ್, ಒಂದು ಮಸಾಲೆ ಎಣ್ಣೆ, ಒಣಸೊಪ್ಪು ಬೆರೆಸಿದ ಉಪ್ಪು, ಹುರಿದ ಕಾಳಿನ ಪುಡಿ. ಎಲ್ಲವೂ ಮನೆಯಲ್ಲೇ ಮಾಡಿದ್ದು. ಪ್ರತಿ ಸೀಸೆಗೂ ಚಿಕ್ಕವಳು ಬರೆದ ಚೀಟಿ: “ಇಬ್ಬರೂ ರುಚಿ ನೋಡಿ ಒಪ್ಪಿದ್ದು.” ಅದು ಬರೀ ಅಲಂಕಾರದ ಮಾತಲ್ಲ. ಒಬ್ಬಳು ತಲೆಯಾಡಿಸದಿದ್ದರೂ ಸೀಸೆಗೆ ಮುಚ್ಚಳ ಬೀಳುತ್ತಿರಲಿಲ್ಲ.

ಈ ಸಲದ ಹನ್ನೆರಡು ಬುಟ್ಟಿ ಅಡುಗೆ ಶಾಲೆಗೆ. ಅಲ್ಲಿ ಕಲಿಸುವವರು ಹನ್ನೆರಡು ಜನ, ಒಬ್ಬೊಬ್ಬರದೂ ಪಳಗಿದ ಕೈ. ಅವರಿಗೆ ಹಿಡಿಸಿದರೆ ಶಾಲೆಯ ಹಿಂಬದಿಯ ದೊಡ್ಡ ಅಡುಗೆಕೋಣೆಯನ್ನು ಇವರಿಗೇ ಬಿಟ್ಟುಕೊಡುವುದಾಗಿ ಶಾಲೆ ನಡೆಸುವ ಮೇಡಂ ಹೇಳಿದ್ದರು. ಹಿಡಿಸದಿದ್ದರೆ ಮತ್ತೆ ಬಾಗಿಲು ತಟ್ಟಬೇಡಿ ಎಂದೂ ಹೇಳಿದ್ದರು, ನಗುನಗುತ್ತಲೇ.

ದಿನದ ಅಡುಗೆಯನ್ನು ಕೈಯ ಅಂದಾಜಿನಲ್ಲಿ ಹೇಗೋ ಸಾಗಿಸಬಹುದಿತ್ತು. ಬುಟ್ಟಿಯದು ಹಾಗಲ್ಲ, ಪ್ರತಿ ಸಲವೂ ಹೊಸ ಮಿಶ್ರಣ. ದೊಡ್ಡವಳು ಒಂದು ದಾರಿ ಕಂಡುಕೊಂಡಿದ್ದಳು. ಚಮಚವನ್ನು ಬಾಯಲ್ಲಿಟ್ಟುಕೊಂಡು, ಅಷ್ಟರಲ್ಲಾಗಲೇ ರುಚಿ ನೋಡಿರುತ್ತಿದ್ದ ಚಿಕ್ಕವಳ ಮುಖ ನೋಡುವುದು. ಹುಬ್ಬು ಗಂಟಾದರೆ ಏನೋ ಕಡಿಮೆ. ಕಣ್ಣು ಅರಳಿದರೆ ಸರಿ.

ಈಗ ಹುಬ್ಬು ಗಂಟಾಗಿತ್ತು.

“ಒಂಚೂರು...” ಎಂದು ದೊಡ್ಡವಳು ಮಾತನ್ನು ಅರ್ಧಕ್ಕೇ ಬಿಟ್ಟಳು.

“ಉಪ್ಪಾ?”

“ನಿಂಗೂ ಹಾಗೇ ಅನ್ನಿಸ್ತಾ?”

“ನಿಮಗೆ ಅನ್ನಿಸಿದ ಮೇಲೆ ಮುಗೀತಲ್ಲ.” ಚಿಕ್ಕವಳು ಉಪ್ಪು ಉದುರಿಸಿದಳು, ಕಲಕಿದಳು, ತಾನೂ ಚಮಚ ನೆಕ್ಕಿದಳು. ಮತ್ತೆ ಅದೇ ನೋಟ. “ಈಗ?”

ಕಣ್ಣು ಅರಳುವವರೆಗೆ ಕಾದು ದೊಡ್ಡವಳು ಹೇಳಿದಳು: “ಈಗ ನೋಡು, ಹದ.”

ದೊಡ್ಡವಳಿಗೆ ಈ ಅನುಮಾನ ಹತ್ತಿದ್ದು ಹೋದ ವಾರ. ಅಂದು ಅಡುಗೆ ಚಿಕ್ಕವಳದು. ಕೆಲಸ ಮುಗಿಸಿ ತಡವಾಗಿ ಬಂದ ಮೈದುನ ಒಂದು ತುತ್ತು ಬಾಯಿಗಿಟ್ಟವನೇ ತಟ್ಟೆ ತಳ್ಳಿದ. “ಏನೇ ಇದು? ಸಮುದ್ರಾನೇ ಸೋಸ್ಕೊಂಡು ಬಂದ್ಯಾ?”

ದೊಡ್ಡವಳು ಅಷ್ಟರಲ್ಲಿ ಅರ್ಧ ಊಟ ಮುಗಿಸಿದ್ದಳು. ಚಿಕ್ಕವಳ ತಟ್ಟೆಯೂ ಅರ್ಧ ಖಾಲಿ. “ಕೈ ಜಾರ್ತು,” ಎಂದಳು ಚಿಕ್ಕವಳು, ಗಂಡನ ಕಡೆ ತಿರುಗದೆ, ಓರಗಿತ್ತಿಯ ತಟ್ಟೆಯನ್ನೇ ನೋಡುತ್ತ.

ಬೇಕೆಂದೇ ಸುರಿದಿದ್ದಾಳೆ. ನನ್ನ ಗುಟ್ಟು ಹಿಡಿಯಲಿಕ್ಕೆ. ಅದಕ್ಕಾಗಿ ತಾನೂ ಮುಖ ಹುಳ್ಳಗೆ ಮಾಡದೆ ನುಂಗಿದ್ದಾಳೆ. ಎಂಥ ಗಟ್ಟಿಗಿತ್ತಿ! ಅಂದಿನಿಂದ ದೊಡ್ಡವಳಿಗೆ ಸರಿಯಾಗಿ ನಿದ್ದೆಯಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಾಳೆ? ಯಾರ ಮುಂದೆ ಹೇಳಲು ಕಾಯುತ್ತಿದ್ದಾಳೆ?

ಸೀಸೆಗಳನ್ನು ಕುದಿಸಿ ಒಣಗಿಸಿ ತುಂಬಿದರು. ಬುಟ್ಟಿಯ ತಳಕ್ಕೆ ಕಾಗದದ ಎಳೆ, ಹಿಂದೆ ಎತ್ತರದ ಸೀಸೆ, ಮುಂದೆ ಗಿಡ್ಡದ್ದು, ಓರೆಯಾಗಿ ಒಂದು ಮರದ ಸೌಟು. ಹನ್ನೊಂದನೆಯ ಬುಟ್ಟಿಗೆ ರಿಬ್ಬನ್ ಸುತ್ತುತ್ತಿದ್ದ ಚಿಕ್ಕವಳು ತಟ್ಟನೆ ನಿಂತಳು.

“ಅಕ್ಕ, ನಿಮ್ಮ ಹತ್ರ ಒಂದು ಮಾತು...”

ಬಂತು, ಎಂದುಕೊಂಡಳು ದೊಡ್ಡವಳು. “ಆಮೇಲೆ ಹೇಳಮ್ಮ. ಮೊದಲು ಗಂಟು ಬಿಗಿ ಮಾಡು.”

ಚಿಕ್ಕವಳು ಬಿಗಿದಳು. ಹನ್ನೆರಡನೆಯ ಬುಟ್ಟಿಗೆ ಕೈಹಾಕಿದಳು.

ಹತ್ತು ಗಂಟೆಗೆ ಶಾಲೆಯ ವ್ಯಾನು ಬಂದು ಬುಟ್ಟಿಗಳನ್ನು ಒಯ್ದಿತು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಬಿಚ್ಚುತ್ತಾರೆ, ಆಮೇಲೆ ಮೇಡಂ ಫೋನ್ ಮಾಡುತ್ತಾರೆ ಎಂದ ಚಾಲಕ.

ಇಬ್ಬರೂ ಪಾತ್ರೆ ತೊಳೆದರು. ಒಲೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಗಂಟೆ ಒಂದಾಯಿತು. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ದೊಡ್ಡವಳಿಗೆ ಇನ್ನು ತಡೆಯಲಾಗಲಿಲ್ಲ. ಇವಳ ಬಾಯಿಂದ ಊರಿಗೆ ತಿಳಿಯುವ ಮೊದಲು ನನ್ನ ಬಾಯಿಂದ ಇವಳಿಗೆ ತಿಳಿಯಲಿ.

“ನನ್ನ ನಾಲಿಗೆ ಸತ್ತು ಎರಡು ತಿಂಗಳಾಯ್ತು ಕಣೆ.”

ಚಿಕ್ಕವಳ ಕೈಯ ಬಟ್ಟೆ ನಿಂತಿತು.

“ಏನೂ ತಿಳಿಯಲ್ಲ. ಸಿಹಿ ಇಲ್ಲ, ಖಾರ ಇಲ್ಲ. ನಿನ್ನ ಮುಖ ನೋಡ್ಕೊಂಡು ಹದ ಹೇಳ್ತಿದ್ದೆ. ನಿಂಗೆ ಗೊತ್ತಾಗಿದೆ ಅಂತ ನಂಗೂ ಗೊತ್ತು. ಬೈಯೋದಿದ್ರೆ ಬೈದುಬಿಡು.” ಹೇಳಿ ಮುಗಿಸುವಷ್ಟರಲ್ಲಿ ಎದೆ ಹಗುರಾಗಿ ಅವಳಿಗೆ ಸಣ್ಣಗೆ ನಗುವೇ ಬಂತು. “ಹೋಗಲಿ ಬಿಡು. ನಿನ್ನ ನಾಲಿಗೆ ಇತ್ತಲ್ಲ. ಅದೇ ನಮ್ಮಿಬ್ಬರ ಮಾನ ಕಾಪಾಡ್ತು.”

ಚಿಕ್ಕವಳು ಕುರ್ಚಿಯ ಅಂಚನ್ನು ತಡಕಾಡಿ ಹಿಡಿದು ಕೂತಳು. ಮೇಜಿನ ಮೇಲೆ ಫೋನು ಮೊಳಗತೊಡಗಿತು. ಶಾಲೆಯದು. ಇಬ್ಬರೂ ಕೈ ಚಾಚಲಿಲ್ಲ.

“ಅಕ್ಕ,” ಎಂದಳು ಚಿಕ್ಕವಳು, “ಜ್ವರ ಬಿಟ್ಟಾಗಿನಿಂದ ನಾನೂ ನಿಮ್ಮ ಮುಖ ನೋಡ್ಕೊಂಡೇ ಹದ ಹೇಳ್ತಿದ್ದೆ.”