ಕುತ್ತಿಗೆವರೆಗಿನ ನವಿಲು

ಕಮ್ಮಿಯೆಂದರೂ ಸಾವಿರದ ಒಂದನೇ ಸಲ ಸಾತಲಿಂಗಪ್ಪ ಹೊಸ ಮೆಮರಿ ಚಿಪ್ ಕಿತ್ತ. ೧೯೭೯ರಲ್ಲಿ ಸೋಲಾಪುರದಿಂದ ಅಕ್ಕಲಕೋಟದ ತನಕ, ಬೇಕಾದರೆ ಕಾಶಿಯ ತನಕ, ಮನೆಯಲ್ಲಿ ಕಂಪ್ಯೂಟರ್ ಇದ್ದವನು ಅವನೊಬ್ಬನೇ. ಆದರೆ ಆ ಹಳೇ ಡಬ್ಬಿ, ಮಗ್ಗದಲ್ಲಿ ನೇಯಬೇಕಿದ್ದ ಚಾದರದ ನವಿಲಿನ ಚಿತ್ತಾರವನ್ನು ಕುತ್ತಿಗೆವರೆಗಷ್ಟೇ ನೆನಪಿಡುತ್ತಿತ್ತು. ಇವತ್ತು ಮೆಮರಿ ಹೆಚ್ಚದಿದ್ದರೆ ನಾಳೆ ಡಬ್ಬಿ ಗುಜರಿಗೆ ಎಂದು ಮಗ್ಗ ನಡೆಸುವ ಅಣ್ಣ ಹೇಳಿಬಿಟ್ಟಿದ್ದ.

ಸೋತ ಕಣ್ಣಿಗೆ ಈಗ ಕಂಡಿತು: ಚಿಪ್ಪಿನ ಸಣ್ಣ ಕಾಲುಗಳ ತುಂಬ ವಿಭೂತಿ.

"ಯವ್ವಾ, ಇದಕ್ಕೂ ಪೂಜಾ ಮಾಡಿಯೇನು?"

"ಮತ್ತ? ಹೊಸಾ ಸಾಮಾನು ಹಂಗ ಬಿಡ್ತಾರೇನೋ ಖೋಡಿ!" ಎಂದಳು ತಾಯಿ ಕಸ್ತೂರಬಾಯಿ.

ಸಿಟ್ಟಾಗುವಷ್ಟೂ ತ್ರಾಣವಿರಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಿಂದ ಕಾಲುಗಳನ್ನು ಉಜ್ಜಿ, ಚಿಪ್ ಕೂರಿಸಿದ. ಪರದೆಯ ಮೇಲೆ ನವಿಲು ಬಾಲದ ಸಮೇತ ಬಂದು ನಿಂತಿತು.

"ನೋಡಿದ್ಯಾ, ವಿಭೂತಿ ಮಹಿಮಾ!"

"ಹೌದವ್ವಾ," ಎಂದು ಸಾತಲಿಂಗಪ್ಪ ಕುರ್ಚಿಯಲ್ಲೇ ಕಣ್ಣು ಮುಚ್ಚಿದ.