ಬಲ ಭುಜದ ಪರೀಕ್ಷೆ

ನೋವು ಶುರುವಾದದ್ದು ಚಳಿಗಾಲದ ಮೊದಲ ಫಿರಂಗಿ ಅಭ್ಯಾಸದಲ್ಲಿ. ತಜ್ಞರಿಗೆ ತೋರಿಸಬೇಕೆಂದು ಘಟಕದ ವೈದ್ಯರು ಚೀಟಿ ಬರೆದದ್ದು ಚಳಿ ಇಳಿಯುವ ಹೊತ್ತಿಗೆ. ತಜ್ಞರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನು ಬಂದು ಕುಳಿತದ್ದು ಇಂದು ಬೆಳಿಗ್ಗೆ; ಅಷ್ಟರಲ್ಲಿ ಕಾರಿಡಾರಿನ ಫ್ಯಾನುಗಳೆಲ್ಲ ತಿರುಗತೊಡಗಿದ್ದವು.

ನಡುವಿನ ತಿಂಗಳುಗಳು ಫೋನಿಗೆ ಸಂದಿದ್ದವು. ಸೇನಾ ಆಸ್ಪತ್ರೆಯಲ್ಲಿ ಭೇಟಿಯ ಸಮಯ ಕೊಡುವ ಫೋನು ಚಾಲೂ ಆಗುತ್ತಿದ್ದುದು ಸರಿಯಾಗಿ ಬೆಳಗಿನ ಹಾಜರಿ ಕವಾಯತಿನ ವೇಳೆಗೆ. ಕವಾಯತು ಮುಗಿಯುವಷ್ಟರಲ್ಲಿ ಅಂದಿನ ಸರದಿಗಳೂ ಮುಗಿದಿರುತ್ತಿದ್ದವು. ಹೆಂಡತಿ ಫೋನು ಮಾಡಿದರೆ, ರೋಗಿಯೇ ಮಾತಾಡಬೇಕೆಂದು ಗುಮಾಸ್ತ ಇಟ್ಟುಬಿಡುತ್ತಿದ್ದ. ಒಮ್ಮೆ ಅವಳು ಗಂಡು ದನಿ ಮಾಡಿ ಮಾತಾಡಿ ನೋಡಿದಳು. ಮೊದಲು ಗಂಟಲು ತೋರಿಸಿಕೊಳ್ಳಿ ಎಂದನಂತೆ ಗುಮಾಸ್ತ. ಹಾಗೂ ಹೀಗೂ ಸಿಕ್ಕ ಮೊದಲ ದಿನಾಂಕಕ್ಕೆ ಅವನಿಗೆ ಪಹರೆ ಬಿತ್ತು. ಎರಡನೆಯ ದಿನಾಂಕದ ಹೊತ್ತಿಗೆ ತಜ್ಞರಿಗೇ ವರ್ಗವಾಗಿತ್ತು. ಇದು ಮೂರನೆಯದು. ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದ ಅಡುಗೆ ವಿಭಾಗದವನಿಗೆ ಹಾಗೆಂದಾಗ ಆತ ಕನಿಕರದಿಂದ, "ಮೂರೇನಾ? ಹಾಗಾದ್ರೆ ನೀವಿನ್ನೂ ಹೊಸಬರು ಬಿಡಿ," ಎಂದ.

ಫಿರಂಗಿಗೆ ಗುಂಡು ತುಂಬುವುದು ಅವನ ಕೆಲಸ. ಬೆಳೆದ ಹುಡುಗನಷ್ಟು ಭಾರದ ಗುಂಡನ್ನು ಎದೆಗವಚಿ, ಎತ್ತಿ, ಫಿರಂಗಿಯ ಹಿಂಬಾಯಿಗಿಡಬೇಕು. ಕಳೆದ ವಾರ ಒಂದು ಗುಂಡು ಕೈ ಜಾರಿತು. ಜೊತೆಗಾರ ಕಾಲು ಹಿಂದೆಳೆದುಕೊಂಡದ್ದರಿಂದ ಅದು ತಮಾಷೆಯ ಮಾತಾಗಿ ಮುಗಿಯಿತು. ಆದರೆ ಅಂದಿನಿಂದ ಅವನು ಜೊತೆಗಾರನ ಕಾಲುಗಳನ್ನೇ ನೋಡುತ್ತಿದ್ದ. ನಾಳಿದ್ದು ದೊಡ್ಡ ಯುದ್ಧಾಭ್ಯಾಸ. ಭಾರ ಎತ್ತಬಾರದೆಂದು ತಜ್ಞರು ಬರೆದುಕೊಟ್ಟರೆ ಮಾತ್ರ ಬೇರೊಬ್ಬನನ್ನು ಹಾಕುವುದಾಗಿ ಕಮಾಂಡರ್ ಹೇಳಿದ್ದರು. ಇಲ್ಲದಿದ್ದರೆ ಅವನೇ.

ಬೆಳಿಗ್ಗೆ ಅವನ ಬಲತೋಳನ್ನು ಸಮವಸ್ತ್ರದ ಅಂಗಿಯೊಳಗೆ ಮೆಲ್ಲನೆ ತೂರಿಸಿ ಗುಂಡಿ ಹಾಕಿದವಳು ಹೆಂಡತಿ. "ಡಾಕ್ಟ್ರ ಮುಂದೆ ಸ್ವಲ್ಪ ಅಯ್ಯೋ ಅಮ್ಮಾ ಅನ್ನಿ. ನಿಮ್ಮ ನರಳಾಟ ಎಲ್ಲ ನನ್ನೊಬ್ಬಳಿಗೇ ಮೀಸಲಾ?" ಎಂದಿದ್ದಳು.

ಮಧ್ಯಾಹ್ನ ದಾಟಿದ ಮೇಲೆ ಅವನನ್ನು ಕರೆದರು. ಅವನು ಟೋಪಿ ಸರಿಪಡಿಸಿಕೊಂಡು ಒಳಗೆ ಹೋದ. ತಜ್ಞ ವೈದ್ಯರು ಸೆಕೆಗೆ ಬಿಳಿ ಕೋಟನ್ನು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಅವರ ಭುಜದ ಮೇಲೆ ಕರ್ನಲ್ ದರ್ಜೆಯ ಪಟ್ಟಿಗಳಿದ್ದವು. ಅವರು ಕಾಗದದಿಂದ ತಲೆಯೆತ್ತಿದರು. ಅವನ ಹಿಮ್ಮಡಿಗಳು ಕೂಡಿದವು. ಬಲಗೈ ಚಿಮ್ಮಿ ಹುಬ್ಬಿನ ಬಳಿ ನಿಂತಿತು. ಭುಜದೊಳಗೆ ಏನೋ ಕಟಕ್ಕೆಂದಿತು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಕೈ ಎತ್ತೋಕಾಗಲ್ಲ ಅಂತ ಬರೆದಿದಾರಲ್ರೀ ಇದ್ರಲ್ಲಿ," ಎಂದರು ವೈದ್ಯರು.

"ಆಗಲ್ಲ, ಸರ್."

"ಈಗ ತಾನೇ ಎತ್ತಿದ್ರಿ."

"ಅದು ಸಲ್ಯೂಟ್, ಸರ್."

ವೈದ್ಯರು ಅರೆತೆರೆದ ಬಾಗಿಲಿನಾಚೆ ತುಂಬಿದ್ದ ಬೆಂಚುಗಳತ್ತ ಒಮ್ಮೆ ನೋಡಿದರು. ಬೆಳಗಿನಿಂದ ತಾವು ಕುರ್ಚಿ ಬಿಟ್ಟೆದ್ದಿಲ್ಲವೆಂದೂ, ಯುದ್ಧಾಭ್ಯಾಸ ಹತ್ತಿರ ಬಂದಂತೆ ಇಡೀ ಪಡೆಯ ಭುಜ, ಸೊಂಟ, ಮೊಣಕಾಲುಗಳು ಒಟ್ಟಿಗೇ ನೋಯತೊಡಗುವುದು ತಮಗೆ ಹೊಸದಲ್ಲವೆಂದೂ ಕೋಪವಿಲ್ಲದೆ ಹೇಳಿದರು. ಮತ್ತೊಮ್ಮೆ ಎತ್ತಿ ತೋರಿಸಲು ಹೇಳಿದರು. ಈ ಸಲ ಕೈ ಎದೆಯವರೆಗೆ ಬಂದು ಅಲ್ಲೇ ಉಳಿಯಿತು.

"ನೋಯುತ್ತಾ?"

ಅವನು ಇನ್ನೂ ನೆಟ್ಟಗೆ, ಗದ್ದ ಎತ್ತಿ ನಿಂತಿದ್ದ. "ಸ್ವಲ್ಪ, ಸರ್."

"ಆಗ?"

"ಆಗ್ಲೂ ನೋಯ್ತು, ಸರ್."

"ಮುಖದಲ್ಲೇನೂ ಕಾಣ್ಲಿಲ್ಲವಲ್ಲ."

ಅಧಿಕಾರಿಯ ಎದುರು ಮುಖದಲ್ಲಿ ಏನಾದರೂ ಕಾಣುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ವೈದ್ಯರು ಪೆನ್ನು ತೆಗೆದು, ಬಾಯಿಬಿಟ್ಟು ಓದಿಕೊಳ್ಳುತ್ತಲೇ ಬರೆದರು: "ಬಲ ಭುಜದ ಚಲನೆ ಪೂರ್ಣ. ಭಾರ ಎತ್ತಲು ಅರ್ಹ."