ಗುಂಡಿ ಬರೆಯುವವನು

"ಇವನ ಕೈಗೆ ಒಂದು ಅಂಗಿ ಗುಂಡಿ ಕೊಡಿ, ಗುಂಡಿ ಬರೀತಾನೆ. ಮುಖ ಕೊಟ್ಟು ನೋಡಿ, ಆಲೂಗಡ್ಡೆ ಬರೀತಾನೆ!"

ಇಡೀ ಚಿತ್ರಶಾಲೆ ನಕ್ಕಿತು. ಲಂಡನ್ನಿನ ವಸಂತದ ಪ್ರದರ್ಶನಕ್ಕೆ ಚಿತ್ರಗಳು ಹೊರಡುವ ಮುಂಚಿನ ಭಾನುವಾರ ಅದು. ಕಲಾವಿದರ ಬಾಗಿಲು ದೊಡ್ಡವರಿಗೆಲ್ಲ ತೆರೆದಿರುವ ದಿನ. ಮೂವತ್ತು ಜನ, ಮೂವತ್ತು ಚಹಾ ಬಟ್ಟಲು. ನಡುವೆ, ಆ ಮಾತಾಡಿದ ಕಲಾವಿದ, ಬೆರಳಲ್ಲಿ ಸಿಗಾರು ಹಿಡಿದ ಸರ್ ಆಂಬ್ರೋಸ್ ಟ್ರೆಂಟ್. ಅವನೆದುರು ತಿಂಡಿಯ ತಟ್ಟೆ ಹಿಡಿದು ನಿಂತಿದ್ದವನು ಅವನ ಸಹಾಯಕ ಸೈಲಸ್ ಹಾಬ್‌ಡೇ.

ಕಾರಣ ಇಷ್ಟೇ. ಲಾರ್ಡ್ ಮೆರಿಡನ್ ತನ್ನ ಹೆಂಡತಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಕೈಗಳಲ್ಲಿ ಜೀವ ಇದೆ, ಟ್ರೆಂಟ್" ಎಂದಿದ್ದ. ಕೈ, ರೇಷ್ಮೆ, ಕಸೂತಿ, ಗುಂಡಿ ಎಲ್ಲ ಸೈಲಸ್‌ನ ಕೆಲಸವಂತೆ ಎಂದು ಯಾರೋ ಪಕ್ಕದಿಂದ ಪಿಸುಗುಟ್ಟಿದ್ದರು. ಟ್ರೆಂಟ್‌ಗೆ ಅದು ಕೇಳಿಸಿತ್ತು.

"ಇರಿ, ತೋರಿಸ್ತೀನಿ." ಟ್ರೆಂಟ್ ಮೂಲೆಯಿಂದ ಒಂದು ಪುಟ್ಟ ಹಲಗೆ ಎತ್ತಿ ತಂದ. ಸೈಲಸ್ ಬರೆದಿದ್ದ ತನ್ನ ತಾಯಿಯ ಚಿತ್ರ. ಅದನ್ನು ತಲೆಕೆಳಗು ಮಾಡಿ ಹಿಡಿದ. "ಯಾವ ಕಡೆ ಮೇಲೆ, ಯಾರಾದ್ರೂ ಹೇಳ್ತೀರಾ?" ಮತ್ತೆ ನಗು. ಹಲಗೆಯನ್ನು ಮೇಜಿನ ಮೇಲೆ ಒಗೆದು, ಅದರ ಮೇಲೆ ಬಿಸಿ ಚಹಾದ ಪಾತ್ರೆ ಇಟ್ಟ. "ಅಂತೂ ಉಪಯೋಗಕ್ಕೆ ಬಂತು!"

ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳದು ಬೇರೆ ಚಿತ್ರವಿರಲಿಲ್ಲ.

ನಗದೆ ಇದ್ದವಳು ಲೇಡಿ ಮೆರಿಡನ್ ಒಬ್ಬಳೇ. ಅವಳು ಕತ್ತು ಓರೆ ಮಾಡಿ ಆ ಹಲಗೆಯನ್ನೇ ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಸೈಲಸ್ ಹಲಗೆ ಎತ್ತಿಕೊಂಡ. ತಾಯಿಯ ಹಣೆಯ ಮೇಲೆ ದುಂಡಗೆ ಒಂದು ಬಿಳಿ ಬರೆ. ಉಜ್ಜಿದ. ಹೋಗಲಿಲ್ಲ.

ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟು ಅಂಗಡಿ ಬೋರ್ಡು ಬರೆಯಲು ಹೋದವನು ಸೈಲಸ್. ಯಾರ ಅಕ್ಷರ ತೋರಿಸಿದರೂ ಹಾಗೇ ಇಳಿಸುತ್ತಿದ್ದ. ಹಾಗಾಗಿ ಟ್ರೆಂಟ್‌ನ ಪತ್ರವ್ಯವಹಾರವೂ ಅವನ ತಲೆಗೇ ಬಿದ್ದಿತ್ತು. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ ಆಹ್ವಾನಗಳು, ಘಮಘಮಿಸುವ ಲಕೋಟೆಗಳು, ಎಲ್ಲಕ್ಕೂ ಹೋಗುತ್ತಿದ್ದ ಉತ್ತರ, ರುಜುವಿನ ಕೊನೆಯ ಸುರುಳಿಯವರೆಗೂ, ಸೈಲಸ್ ಕೈಯದು. ಊಟಕ್ಕೆ ಮಾತ್ರ ಟ್ರೆಂಟ್ ತಾನೇ ಹೋಗುತ್ತಿದ್ದ.

ಮಂಗಳವಾರ ಟ್ರೆಂಟ್ ಫ್ರಾನ್ಸಿನ ಕಡಲತೀರಕ್ಕೆ ಹೊರಟ. ಇನ್ನು ಪ್ರದರ್ಶನ ತೆರೆಯುವ ದಿನವೇ ವಾಪಸು.

"ಕಸೂತಿ ಮುಗಿಸಿ ಶನಿವಾರ ಚಿತ್ರ ಕಳಿಸಿಬಿಡು. ಚಿತ್ರ ಬರೆದುಕೊಡಿ ಬರೆದುಕೊಡಿ ಅಂತ ಪ್ರಾಣ ತಿಂತಿರೋ ಹೆಂಗಸರಿಗೆಲ್ಲ ಒಂದೊಂದು ಕಾಗದ ಹಾಕು. ಈ ವರ್ಷ ಪುರುಸೊತ್ತಿಲ್ಲ ಅಂತ. ಸಿಹಿಯಾಗಿ ಬರಿ."

"ಆಗಲಿ, ಸರ್."

"ಮೊನ್ನೆದಕ್ಕೆ ಮುಖ ಊದಿಸ್ಕೋಬೇಡ್ವೋ. ತಮಾಷೆಗಂದೆ."

"ನೆನಪಿಟ್ಕೊಂಡಿರ್ತೀನಿ, ಸರ್."

ಗಾಡಿ ಮರೆಯಾದದ್ದೇ ತಡ, ಸೈಲಸ್ ಕಾಗದ ಮುಂದಿಟ್ಟುಕೊಂಡ. ಮೊದಲನೆಯದು ಲೇಡಿ ಮೆರಿಡನ್‌ಗೆ. 'ನಾಳೆ ಹನ್ನೊಂದಕ್ಕೆ ಬನ್ನಿ. ಒಬ್ಬರೇ ಬನ್ನಿ. ನಿಮ್ಮ ಯಜಮಾನರಿಗೆ ತಿಳಿಯುವುದು ಬೇಡ.' ಕೆಳಗೆ ಆಂಬ್ರೋಸ್ ಟ್ರೆಂಟ್ ಎಂಬ ರುಜು.

ಹೆಂಡತಿಯ ವಿಷಯಕ್ಕೆ ಲಾರ್ಡ್ ಮೆರಿಡನ್ ಇಬ್ಬರ ಮೇಲೆ ಪಿಸ್ತೂಲು ಎತ್ತಿದವನು. ಅದು ಊರಿಗೇ ಗೊತ್ತಿತ್ತು. ಸೈಲಸ್‌ಗೂ.

ಮರುದಿನ ಅವಳು ಬಂದಳು. ಸೈಲಸ್ ಬಾಗಿಲಿಗೆ ಚಿಲಕ ಹಾಕಿದ.

"ಸರ್ ಆಂಬ್ರೋಸ್ ಎಲ್ಲಿ?"

"ಅವರು ಊರಲ್ಲಿಲ್ಲ, ಅಮ್ಮಾವ್ರೇ. ಕಾಗದ ಬರೆದವನು ನಾನು."

ಅವನ ಕೈಯಲ್ಲಿ ಚಾಕು ಇತ್ತು. ಅವಳು ಅದನ್ನು ನೋಡಿದಳು. ಮೂಲೆಯಲ್ಲಿದ್ದ, ಬರೆ ಬಿದ್ದ ಹಲಗೆಯನ್ನೂ ನೋಡಿದಳು. ಕೂಗಲಿಲ್ಲ. ಮುಸುಕು ತೆಗೆದಳು.

"ಎಷ್ಟು ದಿನ ಬೇಕು?"

"ಮೂರು."

"ಗಾಡಿಯವನಿಗೆ ದರ್ಜಿ ಅಂಗಡಿ ಅಂತ ಹೇಳಿರ್ತೀನಿ."

ಅವಳು ಹೋದ ಮೇಲೆ ಚಾಕು ಒರೆಸಿದ ಬಟ್ಟೆ ಕೆಂಪಾಗಿತ್ತು. ಸೈಲಸ್ ಅದನ್ನು ಒಲೆಗೆ ಹಾಕಿದ. ಇನ್ನೆರಡು ದಿನವೂ ಅವಳು ಬಂದಳು. ಅವಳು ಎದ್ದು ಹೋದ ಮೇಲೆ ಅವನು ಕಾಗದ ಬರೆಯಲು ಕೂರುತ್ತಿದ್ದ. ಒಟ್ಟು ನಲವತ್ತೊಂದು. ತುಂಬ ಸಿಹಿಯಾಗಿ ಬರೆದ.

ಪ್ರದರ್ಶನ ತೆರೆದ ದಿನ ಟ್ರೆಂಟ್ ರೈಲಿಳಿದು ನೇರ ಅಲ್ಲಿಗೇ ಬಂದ. ತನ್ನ ಚಿತ್ರದ ಮುಂದೆ ಜಾತ್ರೆಯಂತೆ ಜನ. ಏನೂ ಕಾಣಿಸಲಿಲ್ಲ. ಬೆತ್ತ ಹಿಡಿದ ಲಾರ್ಡ್ ಮೆರಿಡನ್ ಜನರನ್ನು ಸೀಳಿಕೊಂಡು ಅವನ ಕಡೆ ನುಗ್ಗಿದ.

"ಟ್ರೆಂಟ್! ನನ್ನ ಹೆಂಡತಿ ಮೂರು ದಿನ ನಿನ್ನ ಮನೆಗೆ ಬಂದಿದ್ಲಂತೆ. ನನಗೆ ಸುಳ್ಳು ಹೇಳಿ!"

ಟ್ರೆಂಟ್ ಹಿಂದೆ ಸರಿದ. ಮೆರಿಡನ್ ಅವನ ಎರಡೂ ಕೈ ಹಿಡಿದುಕೊಂಡ. ಮುದುಕನ ಕಣ್ಣು ಒದ್ದೆಯಾಗಿತ್ತು.

"ಹನ್ನೆರಡು ವರ್ಷದಲ್ಲಿ ನಾನೇ ಅವಳನ್ನ ಹೀಗೆ ನೋಡಿರ್ಲಿಲ್ಲ ಮಾರಾಯಾ!"

ಪಕ್ಕದಿಂದ ಮುದಿ ಡಚೆಸ್ ಒಂದು ಕಾಗದ ಆಡಿಸುತ್ತ ಬಂದಳು. ಅವಳ ಹಿಂದೆ ಇನ್ನೂ ಕೆಲವರು. ಎಲ್ಲರ ಕೈಯಲ್ಲೂ ಅಂಥದ್ದೇ ಕಾಗದ.

"ಏನಪ್ಪಾ, ಮಾತು ಮಾತೇ ತಾನೆ? 'ಪ್ರದರ್ಶನದಲ್ಲಿ ಲೇಡಿ ಮೆರಿಡನ್ ಚಿತ್ರ ನೋಡಿ. ಅದೇ ಹದದಲ್ಲಿ, ನಿಮ್ಮ ಮನೆಯಲ್ಲೇ, ನಿಮ್ಮ ಬಳಗದ ಕಣ್ಣೆದುರೇ ನಿಮ್ಮನ್ನೂ ಬರೆಯುತ್ತೇನೆ. ಆಗದಿದ್ದರೆ ಮತ್ತೆ ಕುಂಚ ಮುಟ್ಟುವುದಿಲ್ಲ.' ನಿನ್ನದೇ ರುಜು! ನಾಳೆ ಹತ್ತಕ್ಕೆ ಮೂವತ್ತು ಜನರನ್ನ ಕರೆದಿದ್ದೀನಿ."

ತನ್ನದಲ್ಲ ಎನ್ನಲು ಟ್ರೆಂಟ್ ಬಾಯಿ ತೆರೆದ. ಹಾಗೆಂದರೆ ಇಷ್ಟು ವರ್ಷದ ಕಾಗದಗಳೆಲ್ಲ ಯಾರವೆಂದು ಹೇಳಬೇಕಾಗುತ್ತಿತ್ತು. ಜನರನ್ನು ತಳ್ಳಿಕೊಂಡು ಚಿತ್ರದ ಮುಂದೆ ಬಂದು ನಿಂತ. ನಿಂತೇ ಇದ್ದ. ಬಣ್ಣ ಇಳಿದುಹೋದ ಮುಖ ಹೊತ್ತು ತಿರುಗಿದಾಗ ಬಾಗಿಲ ಬಳಿ ಸೈಲಸ್ ಕಂಡ. ಓಡಿಹೋಗಿ ಅವನ ತೋಳು ಹಿಡಿದ.

"ಸೈಲಸ್, ನಿನ್ನ ಕಾಲಿಗೆ ಬೀಳ್ತೀನಿ. ಆ ಮುಖ... ಅದು ಹೆಂಗಪ್ಪಾ? ನನಗದು ಬರಲ್ಲ ಕಣೋ!"

ಟ್ರೆಂಟ್ ಬರೆದ ಮುಖವನ್ನು ಚಾಕುವಿನಿಂದ ಕೆರೆದು ತೆಗೆದು, ಮೂರೇ ದಿನದಲ್ಲಿ ಅಲ್ಲಿ ಲೇಡಿ ಮೆರಿಡನ್ನಳ ನಿಜವಾದ ಮುಖ ಬರೆದಿಟ್ಟಿದ್ದ ಸೈಲಸ್ ಹಾಬ್‌ಡೇ, ತಾಯಿಯ ಹಲಗೆಯನ್ನು ಕಂಕುಳಲ್ಲಿ ಸರಿಮಾಡಿಕೊಂಡು, ಮೆಟ್ಟಿಲಿಳಿದು ಹೊರಟುಹೋದ.